ವಸಂತದ ವಾರಾಂತ್ಯ: ಮಕ್ಕಳ ಜೊತೆ ಕಲಾಮೇಳಕ್ಕೆ ಹೊರಡುವ ಮುನ್ನ, ಹೋದಾಗ, ಬಂದ ಮೇಲೆ

ಚಳಿ ಕಳೆದು ಹೊರಗೆ ಕೂರುವಷ್ಟು ಹಿತವಾದ ಹವೆ ಬಂತೆಂದರೆ ಶನಿವಾರ, ಭಾನುವಾರಗಳಿಗೆ ಕಾರ್ಯಕ್ರಮಗಳ ಬರವೇ ಇರುವುದಿಲ್ಲ. ಒಂದು ಕಡೆ ಬೊಂಬೆಯಾಟ, ಇನ್ನೊಂದು ಕಡೆ ಬಯಲಿನಲ್ಲಿ ಸಂಗೀತ, ಗ್ರಂಥಾಲಯದಲ್ಲಿ ಕಥೆ ಹೇಳುವವರು, ಪಾರ್ಕಿನಲ್ಲಿ ಕರಕುಶಲ ಮಳಿಗೆಗಳು, ಸಭಾಂಗಣದಲ್ಲಿ ಮಕ್ಕಳ ನಾಟಕ. ಎಲ್ಲವೂ ಒಂದೇ ವಾರಾಂತ್ಯಕ್ಕೆ ಬಂದು ಕೂರುತ್ತವೆ. ಎಲ್ಲಕ್ಕೂ ಹೋಗಿಬಿಡೋಣ ಅನ್ನಿಸುವುದು ಸಹಜ. ಹಾಗೆ ಹೊರಟ ಮನೆಯವರು ಸಂಜೆ ವಾಪಸ್ ಹೋಗುವುದನ್ನು ಗೇಟಿನ ಹತ್ತಿರ ನಿಂತು ನೋಡಿ: ಮಗು ಹೆಗಲ ಮೇಲೆ ಅಳುತ್ತಿರುತ್ತದೆ, ಅಪ್ಪ ಗಾಡಿಯ ಕೀ ಹುಡುಕುತ್ತಿರುತ್ತಾರೆ, ಅಮ್ಮ ಮಾತಾಡುವ ಸ್ಥಿತಿಯಲ್ಲೇ ಇರುವುದಿಲ್ಲ.

ಇದಕ್ಕೆ ಪರಿಹಾರ ಸುಲಭ. ಆಯೋಜಕರ ವೇಳಾಪಟ್ಟಿ ನೋಡಿ ನಿಮ್ಮ ದಿನವನ್ನು ಹೊಂದಿಸಬೇಡಿ, ಮಗುವಿನ ಹೊತ್ತು ನೋಡಿ ಹೊಂದಿಸಿ. ದಿನಕ್ಕೆ ಒಂದೇ ದೊಡ್ಡ ಕಾರ್ಯಕ್ರಮ ಸಾಕು. ಅದೂ ಮಗು ಚೆನ್ನಾಗಿ ನಿದ್ದೆ ಮಾಡಿ, ಹೊಟ್ಟೆ ತುಂಬಿ, ಖುಷಿಯಲ್ಲಿರುವ ಹೊತ್ತಿಗೆ. ಉಳಿದ ಸಮಯ ಖಾಲಿ ಬಿಡಿ. ಕೆಳಗೆ ಬರೆದಿದ್ದೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿದೆ.

ಮೊದಲು ಕ್ಯಾಲೆಂಡರ್ ನೋಡಿ

ವಸಂತದಲ್ಲೇ ಯಾಕೆ ಇಷ್ಟೊಂದು ಕಾರ್ಯಕ್ರಮ ಅಂತ ನಿಮಗೂ ಅನ್ನಿಸಿರಬಹುದು. ಹವೆ ಒಂದು ಕಾರಣ. ಇನ್ನೊಂದು ಕಾರಣ, ಕಲೆಗೆ ಸಂಬಂಧಪಟ್ಟ ಜಾಗತಿಕ ದಿನಗಳು ಮಾರ್ಚ್‌ನಿಂದ ಮೇ ಒಳಗೆ ಸಾಲುಸಾಲಾಗಿ ಬರುತ್ತವೆ. ಮಾರ್ಚ್ 20 ವಿಶ್ವ ಕಥೆ ಹೇಳುವ ದಿನ, ಅದೇ ದಿನ ಮಕ್ಕಳ ರಂಗಭೂಮಿ ದಿನವೂ ಹೌದು. ಮಾರ್ಚ್ 21 ಬೊಂಬೆಯಾಟದ ದಿನ, ಜೊತೆಗೆ 1999ರಲ್ಲಿ ಯುನೆಸ್ಕೋ ಘೋಷಿಸಿದ ಕಾವ್ಯ ದಿನ. ಮಾರ್ಚ್ 27 ವಿಶ್ವ ರಂಗಭೂಮಿ ದಿನ, ಇದು 1962ರಿಂದ ನಡೆದು ಬಂದಿದೆ. ಏಪ್ರಿಲ್ 2 ಮಕ್ಕಳ ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಹುಟ್ಟಿದ ದಿನ, 1967ರಿಂದ ಅದು ಮಕ್ಕಳ ಪುಸ್ತಕ ದಿನ. ಏಪ್ರಿಲ್ 15 ಲಿಯೊನಾರ್ಡೊ ಡಾ ವಿಂಚಿ ಹುಟ್ಟಿದ ದಿನ, ಅದು ವಿಶ್ವ ಕಲಾ ದಿನ. ಏಪ್ರಿಲ್ 22 ಭೂಮಿ ದಿನ, 23 ಪುಸ್ತಕ ದಿನ, 29 ನೃತ್ಯ ದಿನ, 30 ಜಾಝ್ ದಿನ. ಮೇ 18 ವಸ್ತುಸಂಗ್ರಹಾಲಯ ದಿನ, 1977ರಿಂದ.

ಈ ಪಟ್ಟಿ ಕೈಯಲ್ಲಿದ್ದರೆ ಹುಡುಕುವುದು ಸಲೀಸು. ಈ ದಿನಗಳು ಹೆಚ್ಚಾಗಿ ವಾರದ ನಡುವೆ ಬೀಳುತ್ತವೆ, ಆದರೆ ಶಾಲೆ, ಕೆಲಸ ಇರುವುದರಿಂದ ಮಕ್ಕಳಿಗಾಗಿ ಮಾಡುವ ಕಾರ್ಯಕ್ರಮವನ್ನು ಹಿಂದಿನ ಅಥವಾ ಮುಂದಿನ ವಾರಾಂತ್ಯಕ್ಕೆ ಇಟ್ಟುಕೊಳ್ಳುವವರೇ ಜಾಸ್ತಿ. ಹಾಗಾಗಿ ಆ ದಿನಾಂಕದ ಅಕ್ಕಪಕ್ಕದ ಎರಡೂ ಶನಿವಾರ, ಭಾನುವಾರಗಳನ್ನು ನೋಡಿ. ಗ್ರಂಥಾಲಯ, ವಸ್ತುಸಂಗ್ರಹಾಲಯ, ನಾಟಕ ತಂಡ, ಕಲಾ ಶಾಲೆ, ಬಡಾವಣೆಯ ಸಂಘ ಇವರೆಲ್ಲರ ನೋಟಿಸ್ ಬೋರ್ಡು ಮತ್ತು ಪುಟಗಳನ್ನು ನೋಡಿ. ದೊಡ್ಡ ಜಾಹೀರಾತು ಹಾಕುವಷ್ಟು ಹಣ ಇಲ್ಲದ ಚಿಕ್ಕ ಕಾರ್ಯಕ್ರಮಗಳ ಸುದ್ದಿ ಹೀಗೆಯೇ ಸಿಗುವುದು, ಮತ್ತು ಚಿಕ್ಕ ಮಕ್ಕಳಿಗೆ ಬಹಳ ಸಲ ಅವೇ ಚೆನ್ನಾಗಿರುತ್ತವೆ. ಇಪ್ಪತ್ತು ಮೂವತ್ತು ಜನ ಕೂತ ಕೋಣೆಯಲ್ಲಿ ಕಥೆ ಹೇಳುವವರು ನಿಮ್ಮ ಮಗುವಿನ ಕಣ್ಣು ನೋಡಿ ಕಥೆ ಹೇಳಬಲ್ಲರು. ಸಾವಿರ ಜನರ ಮುಂದೆ ಅದು ಆಗದ ಮಾತು.

ಆಯ್ಕೆ: ನೋಡುವುದಕ್ಕಿಂತ ಮಾಡುವುದಕ್ಕೆ ಮೊದಲ ಸ್ಥಾನ

ಎರಡು ಮೂರು ಕಾರ್ಯಕ್ರಮ ಕಣ್ಣಿಗೆ ಬಿದ್ದರೆ ಯಾವುದನ್ನು ಆರಿಸಬೇಕು? ನನ್ನ ಅಳತೆ ಇದು: ಮಗುವಿನ ಕೈಗೆ ಕೆಲಸ ಇದೆಯಾ? ವೇದಿಕೆಯ ಮೇಲೆ ಎಷ್ಟೇ ಒಳ್ಳೆಯದು ನಡೆಯುತ್ತಿರಲಿ, ಐದು ವರ್ಷದ ಒಳಗಿನ ಮಗು ಸುಮ್ಮನೆ ಕೂತು ನೋಡುವುದಕ್ಕೆ ಒಂದು ಮಿತಿ ಇದೆ. ಅದೇ ಮಗುವಿನ ಕೈಗೆ ಒದ್ದೆ ಜೇಡಿಮಣ್ಣು ಕೊಟ್ಟು ನೋಡಿ, ಮೇಜು ಬಿಟ್ಟು ಏಳುವುದೇ ಇಲ್ಲ.

ವಯಸ್ಸಿನ ವಿಷಯದಲ್ಲಿ ಆಯೋಜಕರು ಬರೆದಿದ್ದನ್ನು ನಂಬಿ. 'ಎಂಟು ವರ್ಷ ಮೇಲ್ಪಟ್ಟವರಿಗೆ' ಎಂದು ಬರೆದಿದ್ದರೆ ಅದಕ್ಕೆ ಕಾರಣ ಇರುತ್ತದೆ. ಚೂಪಾದ ಉಳಿ ಬಳಸುವ ಕೆಲಸವಿರಬಹುದು, ಕತ್ತಲಾಗಿ ಜೋರು ಸದ್ದು ಬರುವ ದೃಶ್ಯವಿರಬಹುದು. 'ನಮ್ಮವಳು ಜಾಣೆ, ನಡೆಯುತ್ತದೆ' ಎಂದು ಐದು ವರ್ಷದವಳನ್ನು ಕೂರಿಸಿದರೆ ಅವಳಿಗೂ ಹಿಂಸೆ, ಪಕ್ಕದವರಿಗೂ ಹಿಂಸೆ.

ಅಣ್ಣ ಹತ್ತು ವರ್ಷ, ತಂಗಿ ಮೂರು ವರ್ಷ ಎನ್ನುವಂಥ ಮನೆಗಳಲ್ಲಿ ಮುಚ್ಚಿದ ಸಭಾಂಗಣಕ್ಕಿಂತ ಬಯಲು ಕಾರ್ಯಕ್ರಮ ಒಳ್ಳೆಯದು. ಒಬ್ಬರು ಅಣ್ಣನ ಜೊತೆ ಕೂರಬಹುದು, ಇನ್ನೊಬ್ಬರು ತಂಗಿಯನ್ನು ಹುಲ್ಲಿನ ಮೇಲೆ ಓಡಾಡಿಸಬಹುದು. ಅಜ್ಜ ಅಜ್ಜಿಯೂ ಬರುವುದಾದರೆ ಕುರ್ಚಿ ಇದೆಯಾ, ಶೌಚಾಲಯ ಎಷ್ಟು ದೂರ, ಮೆಟ್ಟಿಲು ಎಷ್ಟು ಎಂಬುದನ್ನು ಮೊದಲೇ ಕೇಳಿಕೊಳ್ಳಿ.

ಸದ್ದು, ಬೆಳಕು, ಗುಂಪು ಇದ್ದರೆ ಕಂಗಾಲಾಗುವ ಮಕ್ಕಳಿದ್ದಾರೆ. ಅಂಥ ಮಕ್ಕಳಿಗಾಗಿ ಈಗ ಹಲವು ನಾಟಕ ತಂಡಗಳು ಬೇರೆಯೇ ಪ್ರದರ್ಶನ ಇಡುತ್ತವೆ. ಅಲ್ಲಿ ದೀಪವನ್ನು ಪೂರ್ತಿ ಆರಿಸುವುದಿಲ್ಲ, ಸದ್ದು ತಗ್ಗಿಸಿರುತ್ತಾರೆ, ಮಗು ಎದ್ದು ಹೊರಗೆ ಹೋಗಿ ಮತ್ತೆ ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ರಿಲ್ಯಾಕ್ಸ್ಡ್ ಪ್ರದರ್ಶನ ಎಂಬ ಹೆಸರಲ್ಲಿ ಹುಡುಕಿ. ಮಗುವಿಗೆ ಅಂಥ ತೊಂದರೆ ಇಲ್ಲದಿದ್ದರೂ ಮೊದಲ ಸಲ ನಾಟಕಕ್ಕೆ ಕರೆದೊಯ್ಯುವವರಿಗೆ ಇದೇ ಸರಿಯಾದ ಆರಂಭ. ಹಾಗೆಯೇ, ಮಿನುಗುವ ದೀಪಗಳಿವೆ ಎಂದು ಟಿಕೆಟ್‌ನಲ್ಲಿ ಬರೆದಿದ್ದರೆ ಓದದೆ ಬಿಡಬೇಡಿ. ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು ಕೆಲವರಲ್ಲಿ ಮೂರ್ಛೆ ತರಿಸಬಲ್ಲದು. ಮನೆಯಲ್ಲಿ ಅಂಥ ತೊಂದರೆ ಇರುವವರಿದ್ದರೆ ಆ ಪ್ರದರ್ಶನ ಬೇಡ.

ಹಿಂದಿನ ದಿನ ಮುಗಿಸಬೇಕಾದ ಕೆಲಸ

ಶುಕ್ರವಾರ ರಾತ್ರಿ ಹದಿನೈದು ನಿಮಿಷ ಸಾಕು. ಟಿಕೆಟ್ ಅಥವಾ ನೋಂದಣಿ ಬೇಕಾ, ಮಳೆ ಬಂದರೆ ಏನು ಮಾಡುತ್ತಾರೆ, ಗಾಡಿ ಎಲ್ಲಿ ನಿಲ್ಲಿಸಬೇಕು, ಮಕ್ಕಳ ಗಾಡಿ ಒಳಗೆ ಬಿಡುತ್ತಾರಾ, ಇಷ್ಟು ನೋಡಿಕೊಳ್ಳಿ. ಉಚಿತ ಎಂದಿದ್ದರೂ ಕಾರ್ಯಾಗಾರಗಳಿಗೆ ಹೆಸರು ಬರೆಸಬೇಕಾಗುವುದುಂಟು. ಹೋದ ಮೇಲೆ 'ಜಾಗ ಇಲ್ಲ' ಎನ್ನಿಸಿಕೊಂಡ ಮಗುವನ್ನು ಸಮಾಧಾನ ಮಾಡುವುದು ತುಂಬಾ ಕಷ್ಟ.

ಮಗುವಿಗೆ ನಾಳೆ ಏನಾಗಲಿದೆ ಎಂದು ಮಲಗುವಾಗ ಹೇಳಿ. ಬರೀ 'ಮೇಳಕ್ಕೆ ಹೋಗ್ತೀವಿ' ಎಂದರೆ ಸಾಲದು. 'ಅಲ್ಲಿ ದೊಡ್ಡ ದೊಡ್ಡ ಬೊಂಬೆ ಇರುತ್ತವೆ, ಒಳಗೆ ಒಬ್ಬ ಮನುಷ್ಯ ಇರ್ತಾನೆ, ಡೋಲು ಬಾರಿಸ್ತಾರೆ, ಸದ್ದು ಜೋರಾಗಿರುತ್ತೆ, ಬೇಡ ಅನ್ನಿಸಿದರೆ ನನ್ನ ಕೈ ಎಳಿ, ಹೊರಗೆ ಹೋಗೋಣ' ಎಂದು ಬಿಡಿಸಿ ಹೇಳಿ. ಮುಖವಾಡ ಕಂಡು ಹೆದರುವ ಮಕ್ಕಳು ಬಹಳ. ಒಳಗೆ ಮನುಷ್ಯ ಇದ್ದಾನೆ ಎಂದು ಮೊದಲೇ ಗೊತ್ತಿದ್ದರೆ ಹೆದರಿಕೆಯ ಜಾಗಕ್ಕೆ ಕುತೂಹಲ ಬರುತ್ತದೆ.

ಬ್ಯಾಗಿನಲ್ಲಿ ನೀರು, ಮಗು ದಿನಾ ತಿನ್ನುವ ತಿಂಡಿ, ಒದ್ದೆ ಬಟ್ಟೆ ಅಥವಾ ವೈಪ್ಸ್, ಒಂದು ಜೊತೆ ಬೇರೆ ಬಟ್ಟೆ, ಟೋಪಿ, ತೆಳು ಸ್ವೆಟರ್, ಮಾಡಿದ ಚಿತ್ರ ಮಡಚದೆ ತರಲು ಒಂದು ರಟ್ಟಿನ ಫೈಲು. ಈ ಫೈಲನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಒಂದು ಗಂಟೆ ಕೂತು ಬಿಡಿಸಿದ ಚಿತ್ರ ಬ್ಯಾಗಿನ ತಳದಲ್ಲಿ ಮುದುಡಿ ಹೋದಾಗ ಮಗುವಿಗೆ ಆಗುವ ಬೇಜಾರು ಸಣ್ಣದಲ್ಲ. ಬಟ್ಟೆ ಹಳೆಯದಿರಲಿ. ಹೊಸ ಬಟ್ಟೆ ಹಾಕಿಸಿ ಬಣ್ಣದ ಮೇಜಿನ ಹತ್ತಿರ 'ಹುಷಾರು, ಹುಷಾರು' ಎನ್ನುತ್ತಾ ನಿಲ್ಲುವುದಕ್ಕಿಂತ, ಬಣ್ಣ ಬಿದ್ದರೆ ಬೀಳಲಿ ಎನ್ನುವಂಥ ಅಂಗಿ ಹಾಕಿಸಿದರೆ ಇಬ್ಬರಿಗೂ ನೆಮ್ಮದಿ. ವಸಂತದಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹವೆ ಬದಲಾಗುತ್ತದೆ, ಹಾಗಾಗಿ ದಪ್ಪದ ಒಂದು ಬಟ್ಟೆಗಿಂತ ತೆಳುವಾದ ಎರಡು ಬಟ್ಟೆ ಮೇಲು.

ಹವೆ ತಂಪಾಗಿದೆ ಎಂದು ಬಿಸಿಲನ್ನು ಹಗುರಾಗಿ ಎಣಿಸಬೇಡಿ. ಚರ್ಮ ಸುಡುವುದು ಅತಿನೇರಳೆ ಕಿರಣದಿಂದ, ಸೆಖೆಯಿಂದಲ್ಲ. ಮೊಬೈಲಿನ ಹವಾಮಾನ ಪುಟದಲ್ಲಿ ಯುವಿ ಸೂಚ್ಯಂಕ 3 ಅಥವಾ ಜಾಸ್ತಿ ಇದ್ದರೆ ಟೋಪಿ, ನೆರಳು, ಸನ್‌ಸ್ಕ್ರೀನ್ ಬೇಕು. ಎಸ್‌ಪಿಎಫ್ 30 ಇರುವುದನ್ನು ಹೊರಡುವ ಹದಿನೈದು ಇಪ್ಪತ್ತು ನಿಮಿಷ ಮುಂಚೆ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಆರು ತಿಂಗಳ ಒಳಗಿನ ಕೂಸಿಗೆ ಸನ್‌ಸ್ಕ್ರೀನ್‌ಗಿಂತ ನೆರಳು ಮತ್ತು ಮೈ ಮುಚ್ಚುವ ತೆಳು ಬಟ್ಟೆಯೇ ಸರಿ. ಹೂವಿನ ಪರಾಗಕ್ಕೆ ಸೀನು, ಕಣ್ಣುರಿ ಬರುವ ಮಗುವಾದರೆ ವೈದ್ಯರು ಕೊಟ್ಟ ಔಷಧಿ ಬ್ಯಾಗಿನಲ್ಲೇ ಇರಲಿ.

ಮಗು ಕೈ ತಪ್ಪಿದರೆ

ಇದನ್ನು ಯೋಚಿಸಲು ಯಾರಿಗೂ ಇಷ್ಟವಿಲ್ಲ. ಆದರೂ ಮನೆಯಿಂದ ಹೊರಡುವ ಮುಂಚೆಯೇ ಮಾಡಿಕೊಳ್ಳಬೇಕಾದ ತಯಾರಿ ಇದು. ಬಾಗಿಲು ದಾಟುವಾಗ ಮಗುವಿನ ಪೂರ್ತಿ ಫೋಟೋ ಒಂದು ತೆಗೆದುಕೊಳ್ಳಿ. ಗಾಬರಿಯಲ್ಲಿ 'ಯಾವ ಬಣ್ಣದ ಅಂಗಿ' ಎಂದು ಕೇಳಿದರೆ ಹೆತ್ತವರಿಗೂ ನೆನಪಾಗುವುದಿಲ್ಲ. ಇವತ್ತಿನ ಫೋಟೋ ಇದ್ದರೆ ತೋರಿಸಿದರೆ ಸಾಕು. ಮುಂಗೈ ಮೇಲೆ ನಿಮ್ಮ ಫೋನ್ ನಂಬರ್ ಪೆನ್ನಿನಲ್ಲಿ ಬರೆಯಿರಿ. ಅಂಗಿಯ ಮೇಲೆ ಮಗುವಿನ ಹೆಸರು ಕಾಣುವಂತೆ ಬರೆಯಬೇಡಿ, ಹೆಸರು ಹಿಡಿದು ಕರೆದವರನ್ನೆಲ್ಲ ಮಗು ಪರಿಚಯದವರು ಎಂದುಕೊಳ್ಳುತ್ತದೆ.

ಒಳಗೆ ಹೋದ ತಕ್ಷಣ ಎಲ್ಲಿಂದಲೂ ಕಾಣುವ ಒಂದು ಜಾಗ ತೋರಿಸಿ. ವೇದಿಕೆ ಬೇಡ, ಅಲ್ಲಿ ಜನ ಜಾಸ್ತಿ. ದೊಡ್ಡ ಮರವೋ, ಗಡಿಯಾರವೋ, ಮಾಹಿತಿ ಕೇಂದ್ರವೋ ಇರಲಿ. ಸ್ವಯಂಸೇವಕರು ಯಾವ ಬಣ್ಣದ ಅಂಗಿ ಹಾಕಿದ್ದಾರೆ, ಕೊರಳಲ್ಲಿ ಯಾವ ಬ್ಯಾಡ್ಜ್ ಇದೆ ಎಂದು ಮಗುವಿಗೆ ತೋರಿಸಿ, ಸಾಧ್ಯವಾದರೆ ಅವರಲ್ಲಿ ಒಬ್ಬರನ್ನು ಮಾತಾಡಿಸಿ. 'ನಾನು ಕಾಣದಿದ್ದರೆ ಹುಡುಕಿಕೊಂಡು ಹೋಗಬೇಡ, ಅಲ್ಲೇ ನಿಂತುಕೋ, ಜೋರಾಗಿ ಕೂಗು, ಬ್ಯಾಡ್ಜ್ ಹಾಕಿದ ಅಕ್ಕನಿಗೋ ಮಕ್ಕಳನ್ನು ಕರೆದುಕೊಂಡು ಬಂದ ಯಾರಾದರೂ ಅಮ್ಮನಿಗೋ ಹೇಳು' ಎಂದು ಕಲಿಸಿ. ದೊಡ್ಡವರು ಇಬ್ಬರಿದ್ದರೆ ಯಾವ ಹೊತ್ತಿಗೆ ಯಾರ ಕಣ್ಣು ಯಾವ ಮಗುವಿನ ಮೇಲೆ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಇಬ್ಬರೂ 'ಇನ್ನೊಬ್ಬರು ನೋಡುತ್ತಿದ್ದಾರೆ' ಎಂದುಕೊಂಡ ಹೊತ್ತಿನಲ್ಲೇ ಮಗು ತಪ್ಪಿಸಿಕೊಳ್ಳುವುದು.

ಹೋದ ಮೇಲೆ: ಮೊದಲ ಅರ್ಧ ಗಂಟೆ

ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಜನ ಕಡಿಮೆ, ಮೇಜುಗಳಲ್ಲಿ ಸಾಮಾನು ತುಂಬಿರುತ್ತದೆ, ಕಲಾವಿದರಿಗೂ ಮಾತಾಡುವ ಉತ್ಸಾಹ ಇರುತ್ತದೆ. ಮೊದಲು ಒಂದು ಸುತ್ತು ಹಾಕಿ. ಶೌಚಾಲಯ, ನೀರು, ನೆರಳು, ಹೊರಹೋಗುವ ದಾರಿ ನೋಡಿಕೊಳ್ಳಿ. ಆಮೇಲೆ ನೇರವಾಗಿ, ಮಕ್ಕಳು ತಮ್ಮ ಕೈಯಾರೆ ಏನಾದರೂ ಮಾಡುವ ಮೇಜಿಗೆ ಹೋಗಿ. ಕೊಳ್ಳುವ ಮಳಿಗೆಗಳನ್ನು ಕೊನೆಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮಗುವಿನ ಮನಸ್ಸೆಲ್ಲ ಆ ಮಿಣುಕು ಆಟಿಕೆಯ ಮೇಲೇ ಇರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಮಾಡುವ ಮೇಜುಗಳು. ಎಲೆಯ ಅಚ್ಚನ್ನೇ ತೆಗೆದುಕೊಳ್ಳಿ. ವಸಂತದಲ್ಲಿ ಹೊಸ ಚಿಗುರು ಸಿಗುತ್ತದೆ, ಆದರೆ ತೀರಾ ಎಳೆಯ ಎಲೆ ಒತ್ತಿದರೆ ಹಿಸುಕಿಹೋಗುತ್ತದೆ, ಕೊಂಚ ಬಲಿತದ್ದು ಬೇಕು. ಮಗು ಯಾವಾಗಲೂ ಎಲೆಯ ಮೇಲ್ಭಾಗಕ್ಕೆ ಬಣ್ಣ ಹಚ್ಚುತ್ತದೆ, ಯಾಕೆಂದರೆ ಅದು ಹೊಳೆಯುತ್ತದೆ. ಅಚ್ಚು ಮಸುಕಾಗಿ ಬರುತ್ತದೆ. ಆಗ ಎಲೆಯನ್ನು ಮಗುಚಿ ಹಿಂಭಾಗದ ಮೇಲೆ ಬೆರಳು ಓಡಿಸಲು ಹೇಳಿ. ನರಗಳು ಉಬ್ಬಿರುವುದು ಅಲ್ಲಿ. ಅದಕ್ಕೆ ತೆಳುವಾಗಿ ಬಣ್ಣ ಹಚ್ಚಿ, ಕಾಗದದ ಮೇಲೆ ಬೋರಲು ಹಾಕಿ, ಮೇಲೊಂದು ಕಾಗದ ಮುಚ್ಚಿ, ನಡುವಿನಿಂದ ಅಂಚಿಗೆ ಬೆರಳಿನಿಂದ ಒತ್ತುತ್ತಾ ಹೋದರೆ ಒಂದೊಂದು ನರವೂ ಕಾಗದದ ಮೇಲೆ ಏಳುತ್ತದೆ. ಮೇಲಿನ ಕಾಗದ ಎತ್ತುವ ಆ ಒಂದು ಕ್ಷಣಕ್ಕೆ ಮಗು ಉಸಿರು ಹಿಡಿದು ಕಾಯುತ್ತದೆ. ಎತ್ತಿದ ಕೂಡಲೇ 'ಇನ್ನೊಂದು' ಎನ್ನುತ್ತದೆ. ಇನ್ನೊಂದು ಮಾಡಲಿ ಬಿಡಿ, ಮುಂದಿನ ಕಾರ್ಯಕ್ರಮ ತಪ್ಪಿದರೆ ತಪ್ಪಲಿ.

ಜೇಡಿಮಣ್ಣಿನ ಮೇಜಿನಲ್ಲಿ ನಿಂಬೆಹಣ್ಣಿನ ಗಾತ್ರದ ಉಂಡೆ ಕೊಡುತ್ತಾರೆ. ಹೆಬ್ಬೆರಳನ್ನು ನಡುವೆ ಒತ್ತಿ, ಉಂಡೆಯನ್ನು ತಿರುಗಿಸುತ್ತಾ ಗೋಡೆ ಚಿವುಟಿದರೆ ಬಟ್ಟಲು ಆಗುತ್ತದೆ. ಅಂಚಿನಲ್ಲಿ ಬಿರುಕು ಬಂದರೆ ಒದ್ದೆ ಬೆರಳು ಸವರಿದರೆ ಸಾಕು, ನೀರು ಸುರಿದರೆ ಕುಸಿದುಬಿಡುತ್ತದೆ. ಕಿವಿ, ಬಾಲ, ಹಿಡಿ ಏನಾದರೂ ಅಂಟಿಸುವುದಿದ್ದರೆ ಎರಡೂ ಕಡೆ ಕಡ್ಡಿಯಿಂದ ಗೀರಿ, ನೀರಲ್ಲಿ ಕಲಸಿದ ಮಣ್ಣು ಹಚ್ಚಿ ಒತ್ತಬೇಕು, ಸುಮ್ನೆ ಅಂಟಿಸಿದರೆ ಒಣಗಿದಾಗ ಉದುರುತ್ತದೆ. ಆಯೋಜಕರು ಇದನ್ನು ಬೆಂಕಿಯಲ್ಲಿ ಸುಟ್ಟು ಕೊಡುವುದಾದರೆ ಗೋಡೆ ತೆಳುವಾಗಿರಬೇಕು. ದಪ್ಪ ಮಣ್ಣಿನ ಒಳಗೆ ಉಳಿದ ತೇವ ಕುಲುಮೆಯಲ್ಲಿ ಆವಿಯಾಗಿ ಬಟ್ಟಲನ್ನೇ ಸಿಡಿಸಿಬಿಡುತ್ತದೆ.

ಹೆತ್ತವರಿಗೆ ಇಲ್ಲಿ ಒಂದು ಕೋರಿಕೆ ಇದೆ. ಕೈ ಹಾಕಬೇಡಿ. ಆನೆಗೆ ಐದು ಕಾಲು ಬಂದರೆ ಬರಲಿ. ಸರಿ ಮಾಡಿಕೊಟ್ಟರೆ ಅದು ನಿಮ್ಮ ಆನೆಯಾಗುತ್ತದೆ. 'ಏನಿದು?' ಎಂದು ಕೇಳುವುದಕ್ಕಿಂತ 'ಇದರ ಬಗ್ಗೆ ಹೇಳು' ಎಂದರೆ ಮಗು ಜಾಸ್ತಿ ಮಾತಾಡುತ್ತದೆ. ಪಕ್ಕದಲ್ಲಿ ಇನ್ನೊಂದು ಉಂಡೆ ತೆಗೆದುಕೊಂಡು ನಿಮ್ಮದನ್ನು ನೀವು ಮಾಡಿಕೊಳ್ಳಿ, ಮೊಬೈಲ್ ಹಿಡಿದು ನಿಲ್ಲುವುದಕ್ಕಿಂತ ಅದು ಎಷ್ಟೋ ಚೆನ್ನ.

ಸದ್ದಿನ ಹತ್ತಿರ ಹುಷಾರು

ಬಯಲು ಸಂಗೀತಕ್ಕೆ ಮಕ್ಕಳನ್ನು ಕರೆದೊಯ್ಯುವವರು ಸ್ಪೀಕರ್‌ನ ಮುಂದೆ ಕೂರುವುದನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಸದ್ದಿನಿಂದ ಒಮ್ಮೆ ಹಾಳಾದ ಕಿವಿ ಮತ್ತೆ ಸರಿಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬಲ್ ವಾರಕ್ಕೆ 40 ಗಂಟೆ ಮಿತಿ. ಅಲ್ಲಿಂದ 3 ಡೆಸಿಬಲ್ ಏರಿದಂತೆಲ್ಲ ಸುರಕ್ಷಿತ ಸಮಯ ಅರ್ಧಕ್ಕೆ ಇಳಿಯುತ್ತದೆ. ಅದೇ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮದ ಸ್ಥಳಗಳಿಗೆ ಸರಾಸರಿ 100 ಡೆಸಿಬಲ್ ಮೀರಬಾರದು ಎಂದು ಮಾನದಂಡ ಕೊಟ್ಟಿತು. ಆ 100 ಇರುವ ಜಾಗದಲ್ಲಿ ಮಗು ಎಷ್ಟು ಹೊತ್ತು ಇರಬಹುದು ಎಂದು ನೀವೇ ಭಾಗಿಸುತ್ತಾ ಹೋಗಿ, ಹತ್ತು ನಿಮಿಷವೂ ಸಿಗುವುದಿಲ್ಲ, ಅದೂ ಇಡೀ ವಾರಕ್ಕೆ.

ಡೆಸಿಬಲ್ ಅಳೆಯುವ ಯಂತ್ರ ಬೇಡ. ಒಂದು ತೋಳಿನ ದೂರದಲ್ಲಿ ನಿಂತವರ ಜೊತೆ ದನಿ ಏರಿಸಿ ಮಾತಾಡಬೇಕಾದರೆ ಮಗುವಿಗೆ ಅದು ಜಾಸ್ತಿಯಾಯಿತು ಎಂದೇ ತಿಳಿಯಿರಿ. ಹಿಂದಕ್ಕೆ ಬನ್ನಿ. ಬಯಲಿನಲ್ಲಿ ಸ್ಪೀಕರ್‌ನಿಂದ ಇರುವ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಐದು ಮೀಟರ್‌ನಲ್ಲಿದ್ದವರು ಇಪ್ಪತ್ತು ಮೀಟರ್‌ಗೆ ಬಂದರೆ 12 ಇಳಿದಂತೆ. ಪುಟ್ಟ ಮಕ್ಕಳಿಗೆ ಕಿವಿಯೊಳಗೆ ತುರುಕುವ ಬೆಂಡಿಗಿಂತ ಮೇಲೆ ಮುಚ್ಚುವ ಇಯರ್‌ಮಫ್ ಒಳ್ಳೆಯದು. ಮನೆಯಲ್ಲೇ ಒಂದೆರಡು ಸಲ ಹಾಕಿಸಿ ಅಭ್ಯಾಸ ಮಾಡಿಸಿ, ಅಲ್ಲಿ ಹೋಗಿ ಮೊದಲ ಸಲ ಹಾಕಿಸಿದರೆ ಕಿತ್ತು ಬಿಸಾಕುತ್ತಾರೆ.

ಬಣ್ಣ, ಬಲೂನು, ಬೌನ್ಸಿ

ಮುಖಕ್ಕೆ ಹುಲಿ, ಚಿಟ್ಟೆ ಬರೆಸಿಕೊಳ್ಳುವುದು ಮಕ್ಕಳಿಗೆ ಪ್ರಾಣ. ಬಳಸುವುದು ಚರ್ಮಕ್ಕೆಂದೇ ಮಾಡಿದ, ನೀರಿನಲ್ಲಿ ತೊಳೆದುಹೋಗುವ ಬಣ್ಣವಾ ಎಂದು ಕೇಳಿ. ಚಿತ್ರ ಬಿಡಿಸುವ ಅಕ್ರಿಲಿಕ್ ಬಣ್ಣದ ಡಬ್ಬಿಯ ಮೇಲೆ 'ವಿಷವಲ್ಲ' ಎಂದಿದ್ದರೂ ಅದು ಮುಖಕ್ಕಲ್ಲ. ಚರ್ಮ ಸೂಕ್ಷ್ಮ ಇರುವ ಮಗುವಿಗೆ ಮೊದಲು ಒಳಗೈಗೆ ಚುಕ್ಕೆ ಇಟ್ಟು ನೋಡಿ. ಗಾಯ, ಗುಳ್ಳೆ ಇದ್ದರೆ ಆ ದಿನ ಬೇಡ. ಮೆಹೆಂದಿ ಮಳಿಗೆಯಲ್ಲಿ ಅಚ್ಚ ಕಪ್ಪು ಬಣ್ಣ ಕೊಡುವ, ಕೆಲವೇ ನಿಮಿಷದಲ್ಲಿ ಹಿಡಿಯುವ ಮೆಹೆಂದಿ ಕಂಡರೆ ದೂರ ಇರಿ. ಅದರಲ್ಲಿ ಕೂದಲಿಗೆ ಹಚ್ಚುವ ಬಣ್ಣದ ರಾಸಾಯನಿಕ ಪಿಪಿಡಿ ಬೆರೆಸಿರುವುದುಂಟು, ಚರ್ಮ ಬೊಬ್ಬೆ ಎದ್ದು ಗುರುತು ಉಳಿಯಬಹುದು. ಎಲೆಯಿಂದ ಮಾಡಿದ ಅಸಲಿ ಮೆಹೆಂದಿ ಕೆಂಪು ಕಂದು ಬಣ್ಣಕ್ಕೆ ಬರುತ್ತದೆ, ಸಮಯವೂ ಹಿಡಿಯುತ್ತದೆ.

ಒಡೆದ ಬಲೂನಿನ ಚೂರು ಮಗುವಿನ ಬಾಯಿಗೆ ಹೋಗಿ ಉಸಿರುಗಟ್ಟಬಹುದು, ಎಂಟು ವರ್ಷದ ಒಳಗಿನ ಮಕ್ಕಳಿಗೆ ಈ ಅಪಾಯ ಇದೆ. ಒಡೆದ ತಕ್ಷಣ ಚೂರು ಹೆಕ್ಕಿ ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಮಿನುಗುವ ಉಂಗುರ, ಕೋಲು, ಕಿರೀಟಗಳ ಒಳಗೆ ಗುಂಡಿಯಂಥ ಬ್ಯಾಟರಿ ಇರುತ್ತದೆ. ಇದನ್ನು ನುಂಗಿದರೆ ಎರಡು ಗಂಟೆಯ ಒಳಗೇ ಅನ್ನನಾಳ ಸುಡಬಹುದು. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ಕೊಳ್ಳಲೇಬೇಡಿ. ನುಂಗಿದ ಅನುಮಾನ ಬಂದರೂ ಕಾಯದೆ ನೇರ ಆಸ್ಪತ್ರೆಗೆ ಹೋಗಿ.

ಗಾಳಿ ತುಂಬಿದ ಬೌನ್ಸಿ ಕ್ಯಾಸಲ್ ಇದ್ದರೆ ಮಗುವನ್ನು ಬಿಡುವ ಮುಂಚೆ ಅಕ್ಕಪಕ್ಕದ ಮರ ನೋಡಿ. ವಸಂತದ ಗಾಳಿ ಒಮ್ಮೆಲೇ ಏಳುತ್ತದೆ. ಗಂಟೆಗೆ 38 ಕಿಲೋಮೀಟರ್ ಮೀರಿದ ಗಾಳಿಯಲ್ಲಿ ಇವನ್ನು ನಡೆಸಬಾರದು, ಆ ವೇಗಕ್ಕೆ ಎಲೆ ತುಂಬಿದ ಚಿಕ್ಕ ಮರಗಳು ಇಡೀ ಮರವೇ ತೂಗಲು ಶುರುವಾಗುತ್ತವೆ. ಹಗ್ಗ, ಗೂಟ ಬಿಗಿಯಾಗಿವೆಯಾ, ಒಬ್ಬರಾದರೂ ನಿಂತು ನೋಡಿಕೊಳ್ಳುತ್ತಿದ್ದಾರಾ, ಒಳಗಿರುವ ಮಕ್ಕಳು ಹೆಚ್ಚುಕಡಿಮೆ ಒಂದೇ ಗಾತ್ರದವರಾ? ಇದರಲ್ಲಿ ಯಾವುದಕ್ಕಾದರೂ ಉತ್ತರ ಇಲ್ಲ ಎಂದಾದರೆ ಮುಂದೆ ನಡೆಯಿರಿ. ಅಳುತ್ತಾರೆ. ಅಳಲಿ.

ಪ್ರದರ್ಶನ ನೋಡುವಾಗ

ಅಂಚಿನ ಸೀಟು ಹಿಡಿಯಿರಿ, ಎದ್ದು ಹೋಗಲು ಸುಲಭ. ಬೊಂಬೆಯಾಟಕ್ಕೆ ಮಾತ್ರ ಮುಂದೆ, ನಡುವೆ ಕೂರಿಸಿ. ಪಕ್ಕದಿಂದ ನೋಡಿದರೆ ಪರದೆಯ ಹಿಂದಿನ ಕೈ ಕಂಡುಬಿಡುತ್ತದೆ, ಮುಂದಿನ ಸಾಲಿನಲ್ಲಿ ಬೊಂಬೆಯ ಕತ್ತು ಕೊಂಚ ವಾಲಿದ್ದೂ ಮಗುವಿಗೆ ಕಾಣುತ್ತದೆ. ಆಟ ಮುಗಿದ ಮೇಲೆ ಓಡಿಹೋಗಬೇಡಿ. ಬೊಂಬೆ ಆಡಿಸುವವರು ಬಹಳ ಸಲ ಹೊರಗೆ ಬಂದು ಮಕ್ಕಳಿಗೆ ಬೊಂಬೆ ತೋರಿಸುತ್ತಾರೆ. ಈಗಷ್ಟೇ ಮಾತಾಡಿ, ಅತ್ತು, ಕುಣಿದ ಬೊಂಬೆ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಕಲಾವಿದರು ಎರಡು ಬೆರಳು ಅಲ್ಲಾಡಿಸಿದ ಕೂಡಲೇ ಅದು ತಲೆ ಎತ್ತಿ ಮಗುವನ್ನೇ ನೋಡುತ್ತದೆ. ಬೆರಳು ಕಣ್ಣೆದುರೇ ಇದ್ದರೂ ಮಗು ಉತ್ತರ ಕೊಡುವುದು ಬೊಂಬೆಗೇ. 'ನಿಂಗೆ ಹಸಿವಾಗಲ್ವಾ?' ಎಂದು ಕೇಳುತ್ತದೆ. ಇಂಥ ಹತ್ತು ನಿಮಿಷ ಇಡೀ ಆಟಕ್ಕಿಂತ ಕಡಿಮೆಯೇನಲ್ಲ.

ಮಗು ನಡುವೆಯೇ ಸಾಕು ಎಂದರೆ ಎದ್ದು ಬನ್ನಿ. ದುಡ್ಡು ಕೊಟ್ಟಿದ್ದೇವೆ ಎಂದು ಬಲವಂತವಾಗಿ ಕೂರಿಸಿದರೆ ಮುಂದಿನ ಸಲ ಬರುವುದಕ್ಕೇ ಒಪ್ಪುವುದಿಲ್ಲ. ಕಣ್ಣು ಉಜ್ಜುವುದು, ವಿನಾಕಾರಣ ಹಟ, ಅತಿಯಾದ ಓಟ ಇವು ಶುರುವಾದರೆ ಹೊರಡುವ ಹೊತ್ತಾಯಿತು ಎಂದರ್ಥ. 'ಇನ್ನೊಂದೇ ಒಂದು ಮಳಿಗೆ' ಬೇಡ. ಎದ್ದು ನಿಲ್ಲುವ ಹತ್ತು ನಿಮಿಷ ಮುಂಚೆ 'ಇನ್ನು ಎರಡು ಸಲ ಮಾಡು, ಆಮೇಲೆ ಹೊರಡೋಣ' ಎಂದು ಹೇಳಿಬಿಟ್ಟರೆ ರಂಪ ಕಡಿಮೆ.

ಒಂದು ಗಂಟೆ ನಿಮ್ಮದೂ ಕೊಡಿ

ಇಂಥ ಕಾರ್ಯಕ್ರಮಗಳು ನಡೆಯುವುದು ಹೆಚ್ಚಾಗಿ ಹತ್ತು ಹದಿನೈದು ಜನರ ಬಿಡುವಿನ ಸಮಯದಿಂದ. ಅವರು ಬೆಳಗಿನ ಜಾವ ಬಂದು ಕುರ್ಚಿ ಹಾಕುತ್ತಾರೆ, ರಾತ್ರಿ ಕಸ ಗುಡಿಸಿ ಹೋಗುತ್ತಾರೆ. ಅವರಿಗೆ ಸುಸ್ತಾದರೆ ಮುಂದಿನ ವರ್ಷ ಕಾರ್ಯಕ್ರಮವೇ ಇರುವುದಿಲ್ಲ. ಒಂದು ಗಂಟೆ ಸಹಾಯ ಮಾಡುತ್ತೇವೆ ಎಂದು ಮೊದಲೇ ತಿಳಿಸಿ. ಏಳೆಂಟು ವರ್ಷದ ಮಕ್ಕಳೂ ಕುಂಚ ತೊಳೆಯಬಲ್ಲರು, ಕಾಗದ ಹಂಚಬಲ್ಲರು, ಒಣಗಿದ ಚಿತ್ರಗಳನ್ನು ದಾರಕ್ಕೆ ಕ್ಲಿಪ್ ಹಾಕಿ ತೂಗಬಲ್ಲರು. ಮೇಜಿನ ಆಚೆ ಬದಿಯಲ್ಲಿ ನಿಂತು ಇನ್ನೊಂದು ಮಗುವಿಗೆ 'ಎಲೆ ಹಿಂಗೆ ಮಗುಚು' ಎಂದು ಹೇಳಿಕೊಡುವಾಗ ಅವರ ಮುಖ ನೋಡಬೇಕು ನೀವು. ಅದು ಅವರ ಕಾರ್ಯಕ್ರಮವೇ ಆಗಿಬಿಡುತ್ತದೆ.

ಹತ್ತಿರದಲ್ಲಿ ಏನೂ ನಡೆಯುವುದಿಲ್ಲ ಎನ್ನುವವರು ತಾವೇ ಚಿಕ್ಕದಾಗಿ ಶುರುಮಾಡಬಹುದು. ಐದಾರು ಮನೆ, ಎರಡು ಮೇಜು, ಎರಡು ಗಂಟೆ, ಅಷ್ಟೇ. ಒಂದು ಮೇಜಿನಲ್ಲಿ ಎಲೆ ಅಚ್ಚು, ಇನ್ನೊಂದರಲ್ಲಿ ಹಳೆಯ ಕಾಲುಚೀಲದಿಂದ ಬೊಂಬೆ. ಎರಡು ಕಂಬದ ನಡುವೆ ದಾರ ಕಟ್ಟಿದರೆ ಪ್ರದರ್ಶನ. ಹಾಳೆ ಕಟ್ಟಿದರೆ ಬೊಂಬೆಯಾಟದ ಪರದೆ. ಸಾರ್ವಜನಿಕ ಜಾಗವಾದರೆ ಅನುಮತಿ ಕೇಳಿ, ಮೈಕ್ ಬೇಡ, ನೀರಿನ ಬಕೆಟ್ ಎರಡು ಇಡಿ, ಒಂದು ಕುಂಚಕ್ಕೆ, ಒಂದು ಕೈಗೆ. ಮಕ್ಕಳು ಇಪ್ಪತ್ತು ದಾಟಿದರೆ ಎರಡು ಪಾಳಿ ಮಾಡಿ. ಮಗುವಿನ ಫೋಟೋ ತೆಗೆದು ಹಂಚುವ ಮುಂಚೆ ಅದರ ಮನೆಯವರನ್ನು ಕೇಳಿ. ಇದು ದೊಡ್ಡ ಮೇಳಗಳಿಗೂ ಅನ್ವಯಿಸುವ ಮಾತು.

ಬಂದ ಮೇಲೆ

ಮನೆಗೆ ಬಂದ ದಿನ ಇನ್ನೇನೂ ಇಟ್ಟುಕೊಳ್ಳಬೇಡಿ. ಮುಖದ ಬಣ್ಣ ಮಲಗುವ ಮುಂಚೆ ತೊಳೆಯಿರಿ. ಹಸಿ ಜೇಡಿಮಣ್ಣಿನ ಬಟ್ಟಲನ್ನು ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತದೆ, ನೆರಳಿನಲ್ಲಿ ಹಳೆಯ ಪತ್ರಿಕೆಯ ಮೇಲೆ ಇಟ್ಟು ದಿನಕ್ಕೊಮ್ಮೆ ಮಗುಚಿ. ಚಿತ್ರದ ಹಿಂದೆ ದಿನಾಂಕ, ಮಗುವಿನ ವಯಸ್ಸು ಮತ್ತು ಅದರ ಬಗ್ಗೆ ಮಗು ಹೇಳಿದ ಒಂದು ವಾಕ್ಯವನ್ನು ಅದರ ಮಾತಿನಲ್ಲೇ ಬರೆದಿಡಿ. ಗೋಡೆಗೆ ಅಂಟಿಸುವುದಾದರೆ ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿ.

ಮಾರನೇ ದಿನ ಮೇಜಿನ ಮೇಲೆ ಕಾಗದ, ಬಣ್ಣ, ನಾಲ್ಕು ಎಲೆ ಸುಮ್ನೆ ಇಟ್ಟುಬಿಡಿ, ಏನೂ ಹೇಳಬೇಡಿ. ಮನಸ್ಸಾದರೆ ಮಗು ತಾನೇ ಬಂದು ಕೂರುತ್ತದೆ. ಆಮೇಲೆ ಆಯೋಜಕರಿಗೆ ಎರಡು ಸಾಲು ಬರೆದು ಕಳಿಸಿ: ಯಾವ ಮೇಜು ಮಗುವಿಗೆ ಹಿಡಿಸಿತು, ಸ್ಪೀಕರ್ ಎಲ್ಲಿ ಜಾಸ್ತಿಯಾಯಿತು, ಶೌಚಾಲಯದ ಹತ್ತಿರ ಕೈ ತೊಳೆಯುವ ಸೋಪು ಇತ್ತಾ ಇಲ್ಲವಾ, ನೆರಳು ಎಲ್ಲಿ ಬೇಕಿತ್ತು. ಮುಂದಿನ ವಸಂತದ ಯೋಜನೆ ಹಾಕಲು ಕೂತಾಗ ಅವರಿಗೆ ಬೇಕಾಗುವುದು ಇಂಥ ವಿವರಗಳೇ.